ನಾಲ್ಕನೇ ಸಂಪುಟದ ಅಂಬಿಗ

ಮೊದಲೇ ಹೇಳಿಬಿಡುತ್ತೇನೆ, ಆ ವೆಬ್ ಸರಣಿ ಮಾಡಿದವರನ್ನು ನಾನಿನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ಕೋಟಿಗಟ್ಟಲೆ ಸುರಿದು, ಎಲ್ಲೆಲ್ಲಿಯದೋ ಹಿಮದ ಬೆಟ್ಟ ಹುಡುಕಿ, ರೆಕ್ಕೆಯಿರುವ ಕುದುರೆಯ ಒಂದೊಂದು ಗರಿಯನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ, ಕೊನೆಗೆ ಅಂಬಿಗನ ಬಾಯಿಗೆ ಭಾಷಣ ತುರುಕಿದರಲ್ಲ, ಇವರಿಗೆ ಏನನ್ನಬೇಕು? ಪುಸ್ತಕವನ್ನು ಒಂದು ಸಲವಾದರೂ ನೆಟ್ಟಗೆ ಓದಿದ್ದರೆ ಹೀಗೆ ಮಾಡುತ್ತಿದ್ದರಾ?

ಪುಸ್ತಕ ಎಂದರೆ ಒಂದಲ್ಲ, ಆರು. ಒಂದೊಂದೂ ಇಟ್ಟಿಗೆ ಗಾತ್ರ. ಮಾಯಾಲೋಕದ ಕಥೆ. ಏಳು ಕೋಟೆಗಳು, ಆರದ ಬೆಂಕಿಯೊಂದಕ್ಕಾಗಿ ಕಾದಾಡುವ ರಾಜರು, ನೆರಳೇ ಬೀಳದ ಒಂದು ದಂಡು. ಆ ದಂಡು ಕಾಲಿಟ್ಟ ಕಡೆ ಹುಲ್ಲೂ ಹುಟ್ಟುವುದಿಲ್ಲ. ಜಗತ್ತಿನ ತುಂಬ ಈ ಕಥೆಯ ಹುಚ್ಚು ಹಿಡಿಸಿಕೊಂಡವರಿದ್ದಾರೆ. ಮಳವಳ್ಳಿಯಲ್ಲಿ ನಾನೊಬ್ಬಳು. ಭಾರತೀನಗರದಲ್ಲಿ ಡಿಗ್ರಿ ಓದುವಾಗ ಗೆಳತಿಯೊಬ್ಬಳು ನೆಂಟರ ಮನೆಯಿಂದ ಮೊದಲ ಸಂಪುಟ ತಂದಿದ್ದಳು. ನನ್ನ ಇಂಗ್ಲಿಷು ಆಗ ಅಷ್ಟಕ್ಕಷ್ಟೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಒಂದು ಪುಟಕ್ಕೆ ಹತ್ತು ಸಲ ತಡಕಾಡುತ್ತ ಓದಿದೆ. ಮುಗಿಸಿದವಳೇ ಮತ್ತೆ ಮೊದಲಿನಿಂದ ಹಿಡಿದೆ. ಪಾಪ, ಆ ಗೆಳತಿ ಪುಸ್ತಕ ವಾಪಸ್ ಕೇಳುವುದನ್ನೇ ಬಿಟ್ಟಳು.

ಈಗ ನಾನು ಮಳವಳ್ಳಿಯ ಕೋರ್ಟಿನಲ್ಲಿ ಸ್ಟೆನೋ. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಇಳಿಸಿಕೊಳ್ಳುವುದು ಕೆಲಸ. ಅವನು ‘ನೋಡಿರಬೌದು’ ಅಂದರೆ ನಾನು ‘ನೋಡಿದೆ’ ಎಂದು ಬರೆಯುವ ಹಾಗಿಲ್ಲ. ಈ ಕೆಲಸದಿಂದ ಈ ಚಾಳಿ ಬಂತೋ, ಚಾಳಿ ಇದ್ದದ್ದಕ್ಕೇ ಕೆಲಸ ಒಗ್ಗಿತೋ ಗೊತ್ತಿಲ್ಲ, ಯಾರಾದರೂ ಒಂದು ಮಾತು ಅತ್ತಿತ್ತ ಮಾಡಿದರೂ ನನಗೆ ಮೈ ಉರಿಯುತ್ತದೆ. ಮನೆಯಲ್ಲಿ ನನ್ನ ಗಂಡ ಬೆಳಗಿನ ಜಗಳವನ್ನು ಸಂಜೆ ತಿರುಚಿ ಹೇಳಿದರೆ ಅಲ್ಲೇ ತಿದ್ದುತ್ತೇನೆ. ಅವರು ಕೈ ಮುಗಿಯುತ್ತಾರೆ.

ನಾಲ್ಕನೇ ಸಂಪುಟ ಬರುವ ಹೊತ್ತಿಗೆ ನನ್ನನ್ನು ಒಂದು ವರ್ಷದ ಮಟ್ಟಿಗೆ ಮದ್ದೂರಿಗೆ ಹಾಕಿದ್ದರು. ದಿನಾ ಮಳವಳ್ಳಿಯಿಂದ ಬಸ್ಸು. ಹೋಗುವಾಗ ಒಂದಷ್ಟು ಪುಟ, ಬರುವಾಗ ಒಂದಷ್ಟು ಪುಟ. ಅಂಬಿಗನಿಗೆ ಏನಾಯಿತು ಎಂದು ತಿಳಿದದ್ದು ಭಾರತೀನಗರದಲ್ಲಿ, ಬಸ್ಸು ನಿಂತು ಕಾಲೇಜು ಹುಡುಗರು ನುಗ್ಗಿ ಹತ್ತುತ್ತಿದ್ದಾಗ.

ಅಂಬಿಗ ದೊಡ್ಡ ಪಾತ್ರವೇನಲ್ಲ. ಮೂರನೇ ಸಂಪುಟದಿಂದ ಅಲ್ಲಲ್ಲಿ ಬಂದುಹೋಗುತ್ತಾನೆ. ವಯಸ್ಸಾದವನು, ಸಿಡುಕ, ರಾಜನೇ ಆದರೂ ದೋಣಿ ಹತ್ತುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಕು ಅನ್ನುವವನು. ನಾಲ್ಕನೆಯದರಲ್ಲಿ ನೆರಳಿಲ್ಲದ ದಂಡು ಬರುತ್ತಿದೆ ಎಂಬ ಸುದ್ದಿ ಮುಟ್ಟಿ ಒಂದು ಕೋಟೆಯ ಜನವೆಲ್ಲ ಹೊಳೆ ದಾಟುತ್ತಾರೆ. ಅವರನ್ನೆಲ್ಲ ಇವನೊಬ್ಬನೇ ದಾಟಿಸುತ್ತಾನೆ. ಎಲ್ಲರೂ ಬಂದಾಯಿತು ಅನ್ನುವಾಗ ಆಚೆ ದಡದಲ್ಲಿ ಯಾರೋ ದೀಪ ಬೀಸುತ್ತಾರೆ. ಯಾರೂ ಇವನಿಗೆ ಹೋಗು ಅನ್ನುವುದಿಲ್ಲ. ಇವನೂ ಏನೂ ಅನ್ನುವುದಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ದೋಣಿ ತಿರುಗಿಸುತ್ತಾನೆ. ಮುಂದಿನ ಅಧ್ಯಾಯದಲ್ಲಿ ಬೆಳಗಾಗಿರುತ್ತದೆ, ರಾಜರು ಯುದ್ಧದ ಮಾತಾಡುತ್ತಿರುತ್ತಾರೆ. ಅದರ ನಡುವೆ, ಖಾಲಿ ದೋಣಿ ಕೆಳಗಡೆಯ ಬಂಡೆಗೆ ಬಂದು ತಗುಲಿದೆ ಎಂದು ಒಂದು ಸಾಲು. ಅಷ್ಟೆ. ಉಳಿದ ಎರಡು ಸಂಪುಟದಲ್ಲಿ ಅವನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ನಾನು ಪುಸ್ತಕ ಮುಚ್ಚಿ ಅತ್ತುಬಿಟ್ಟೆ. ಸಣ್ಣಗೆ ಅಲ್ಲ, ಮೂಗು ಸುರಿಸಿಕೊಂಡು. ಪಕ್ಕದಲ್ಲಿ ಸೀಬೆಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಒಬ್ಬ ಅಜ್ಜಿ ಕೂತಿತ್ತು.

“ಯಾರ್ ತೀರೋದ್ರವ್ವಾ?” ಅಂತು.

“ಅಂಬಿಗ” ಅಂದೆ.

“ಅಯ್ಯೋ ಸಿವನೇ! ಈಜು ಬತ್ತಿರ್ನಿಲ್ವಾ?”

“ಬತ್ತಿತ್ತೇನೋ ಕಣಜ್ಜಿ. ವಯಸ್ಸಾಗಿತ್ತು.”

“ಎಂಡ್ರು ಮಕ್ಳು?”

“ಯಾರೂ ಇರ್ನಿಲ್ಲ.”

ಅಜ್ಜಿ ನಿಟ್ಟುಸಿರು ಬಿಟ್ಟಿತು. “ಓಗ್ಲಿ ಬುಡು, ಅಳಾಕೆ ನೀನಾರ ಇದ್ಯಲ್ಲ” ಅಂದು ಚೀಲದಿಂದ ಒಂದು ಸೀಬೆಹಣ್ಣು ತೆಗೆದು ಕೈಗೆ ಕೊಟ್ಟಿತು. ಇದು ಪುಸ್ತಕದ ವಿಷಯ ಎಂದು ಹೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಹಣ್ಣು ತಿಂದೆ.

ನನ್ನ ಗಂಡನಿಗೆ ಈ ಕಥೆ ಶುರುಮಾಡಿದರೆ ಆಕಳಿಕೆ ಬರುತ್ತದೆ. ಕೇಳುವವನು ಅಪ್ಪ ಒಬ್ಬನೇ. ಅಪ್ಪ ಇರುವುದು ಬೆಳಕವಾಡಿಯಲ್ಲಿ, ಗದ್ದೆ ಮಾಡಿಕೊಂಡು. ಭಾನುವಾರ ನಾನು ಊರಿಗೆ ಹೋದರೆ ಬದುವಿನ ಮೇಲೆ ನನ್ನನ್ನು ಕೂರಿಸಿಕೊಂಡು, “ಊಂ, ನಿನ್ ರಾಣಿ ಏನ್ ಮಾಡುದ್ಲು ಯೋಳು” ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಅವನು ನೀರು ತಿರುಗಿಸುತ್ತ ಕೇಳುತ್ತಿದ್ದ. ಬೇಕಾದಲ್ಲಿ ಬೈಯುತ್ತಿದ್ದ. “ಆ ಎರಡ್ನೇ ರಾಜ ಅವ್ನಲ್ಲ, ಅವ್ನ ನಂಬ್ಬೇಡ ಅನ್ನು ಆ ಎಣ್ಗೆ” ಎಂದು ನನಗೇ ಹೇಳಿಕಳಿಸುವವನ ಹಾಗೆ ಅನ್ನುತ್ತಿದ್ದ. ಹೀಗೆ ಆರೂ ಸಂಪುಟ ನಮ್ಮ ಗದ್ದೆಯ ಬದುವಿನ ಮೇಲೆ ಮುಗಿದವು. ಎರಡನೇ ರಾಜನ ವಿಷಯದಲ್ಲಿ ಅಪ್ಪ ಹೇಳಿದ್ದೇ ಸರಿಯಾಯಿತು.

ಅಪ್ಪನಿಗೆ ಕಥೆ ಎಂದರೆ ನಾಟಕ. ನಮ್ಮ ಕಡೆಯ ನಾಟಕದ ಹುಚ್ಚು ಕಾಣದವರಿಗೆ ಸ್ವಲ್ಪ ಹೇಳಬೇಕು. ಇಲ್ಲಿ ರೈತರು, ಬಸ್ ಡ್ರೈವರುಗಳು, ಮೇಷ್ಟ್ರುಗಳು, ಎಲ್ಲರೂ ಸೇರಿ ಪೌರಾಣಿಕ ನಾಟಕ ಆಡುತ್ತಾರೆ. ಪಾರ್ಟು ಮಾಡುವವನೇ ಕೈಯಿಂದ ದುಡ್ಡು ಹಾಕಬೇಕು, ದೊಡ್ಡ ಪಾರ್ಟಿಗೆ ದೊಡ್ಡ ದುಡ್ಡು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ಪದ್ಯ ಕಲಿಸುತ್ತಾರೆ. ಸೀನರಿ, ಕಿರೀಟ, ಹೆಣ್ಣು ಪಾರ್ಟಿನ ಕಲಾವಿದೆಯರು ಮಂಡ್ಯದಿಂದ ಬಾಡಿಗೆಗೆ. ಮುಂಚೆ ರಾತ್ರಿಯಿಡೀ ಊರಲ್ಲೇ ಆಗುತ್ತಿತ್ತು, ಈಗ ಮಂಡ್ಯದ ರಂಗಮಂದಿರ ಹಿಡಿದು ಹಗಲಲ್ಲೇ ಆಡುತ್ತಾರೆ. ಪದ್ಯ ಚೆನ್ನಾಗಿ ಬಿತ್ತೋ, ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ. ಕೂಗಿದರೆ ಮತ್ತೆ ಹಾಡಲೇಬೇಕು. ಆಗ ತಾನೇ ಗದೆ ಏಟು ತಿಂದು ಸತ್ತವನೂ ಧೂಳು ಕೊಡವಿಕೊಂಡು ಎದ್ದು ಹಾಡಿ, ಮತ್ತೆ ಸಾಯುತ್ತಾನೆ. ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.

ಅಪ್ಪನದು ಯಾವಾಗಲೂ ಗದೆ ಹಿಡಿಯುವ ಪಾರ್ಟು. ಅಬ್ಬಾ, ಆ ದನಿ! ಮೈಕು ಕೆಟ್ಟರೂ ಹಿಂದಿನ ಸಾಲಿಗೆ ಕೇಳುತ್ತಿತ್ತು. ಚಿಕ್ಕವಳಿದ್ದಾಗ ಸ್ಟೇಜಿನ ಮೇಲೆ ಅವನು ಅಬ್ಬರಿಸಿದರೆ ನಾನು ಅವ್ವನ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆ, ಹೆದರಿಕೆಗಿಂತ ಹೆಮ್ಮೆಗೆ. ಗದ್ದೆಯಲ್ಲಿ ಹಾಡಿದರೆ ಅಕ್ಕಪಕ್ಕದವರು ಕುಡುಗೋಲು ನಿಲ್ಲಿಸುತ್ತಿದ್ದರು. ಆ ದನಿ ಎಂದರೆ ನನಗೆ ಜೀವ. ಇದನ್ನು ಬಾಯಿಬಿಟ್ಟು ಅಪ್ಪನಿಗೆ ಯಾವತ್ತೂ ಹೇಳಿದವಳಲ್ಲ.

ಇರಲಿ, ಪುಸ್ತಕಕ್ಕೆ ಬರುತ್ತೇನೆ. ಮೊದಲು ಸಿನಿಮಾ ಬಂತು. ಮೈಸೂರಿಗೆ ಹೋಗಿ ನೋಡಿದೆ. ಅಂಬಿಗನೇ ಇಲ್ಲ! ಹೊಳೆಗೆ ಒಂದು ದೊಡ್ಡ ಕಲ್ಲಿನ ಸೇತುವೆ ಕಟ್ಟಿಸಿಬಿಟ್ಟಿದ್ದಾರೆ, ಜನ ಅದರ ಮೇಲೆ ಆರಾಮಾಗಿ ನಡೆದುಹೋಗುತ್ತಾರೆ. ನಾನು ಸೀಟಿನಲ್ಲಿ ಕುದಿಯುತ್ತಿದ್ದರೆ ಪಕ್ಕದಲ್ಲಿ ನನ್ನ ಗಂಡ, “ಸೇತುವೆ ಆದ್ರೆ ಒಳ್ಳೇದೇ ಅಲ್ವಾ?” ಎಂದರು. ಅವತ್ತು ಮಳವಳ್ಳಿ ಮುಟ್ಟುವ ತನಕ ಅವರ ಹತ್ತಿರ ಮಾತಾಡಲಿಲ್ಲ.

ಆಮೇಲೆ ವೆಬ್ ಸರಣಿ. ಇದರಲ್ಲಿ ಅಂಬಿಗ ಇದ್ದ. ಇಪ್ಪತ್ತೈದರ ಹುಡುಗ, ಗುಂಗುರು ಕೂದಲು, ರಾಣಿಯ ಸಖಿಯ ಜೊತೆ ಪ್ರೇಮ ಬೇರೆ. ಎದೆಗೆ ಬಾಣ ಬಿದ್ದು ಅವಳ ತೊಡೆಯ ಮೇಲೆ ಮಲಗಿ, ಹಿಂದೆ ಪಿಟೀಲು ಕೊರೆಯುತ್ತಿರಲು, ತನ್ನ ಬಾಲ್ಯ, ತನ್ನ ತಾಯಿ, ದೇಶದ ಭವಿಷ್ಯ ಎಲ್ಲದರ ಬಗ್ಗೆ ಮಾತಾಡಿ ಮಾತಾಡಿ ಸತ್ತ. ಕನ್ನಡಕ್ಕೆ ಡಬ್ ಆದದ್ದರಲ್ಲಂತೂ ಇನ್ನೂ ಎರಡು ಮಾತು ಜಾಸ್ತಿಯೇ ಆಡಿದ ಅಂತ ನನ್ನ ಗುಮಾನಿ. ನಾನು ಇಂಟರ್ನೆಟ್ಟಿನ ಅಭಿಮಾನಿಗಳ ಗುಂಪಿನಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಯಾವ ದೇಶದವನೋ ಒಬ್ಬ, ಅಷ್ಟು ಸಣ್ಣ ಪಾತ್ರಕ್ಕೆ ಇಷ್ಟು ಸಿಟ್ಟೇಕೆ ಎಂದು ಕೇಳಿದ. ನಾನು ಕೊಟ್ಟ ಉತ್ತರಕ್ಕೆ ಗುಂಪಿನವರು ನನ್ನನ್ನು ಒಂದು ವಾರ ಹೊರಗಿಟ್ಟರು.

ಹೊರಗಿದ್ದ ಆ ವಾರ ಒಂದು ಯೋಚನೆ ಬಂತು. ಪುಸ್ತಕ ಓದಿದವಳ ಒಳಗೆ ಆಗಲೇ ಒಂದು ಆಟ ನಡೆದುಹೋಗಿರುತ್ತದೆ. ಆಮೇಲೆ ಯಾರು ಏನೇ ತೋರಿಸಿದರೂ ಅದು ಎರಡನೆಯದೇ. ನಾನು ಕಾವಲು ಕಾಯುತ್ತಿದ್ದುದು ಪುಸ್ತಕವನ್ನಲ್ಲ, ಆ ಬಸ್ಸಿನಲ್ಲಿ ನನಗೆ ಆದದ್ದನ್ನು. ಒಬ್ಬ ಮನುಷ್ಯ ಮಾತಿಲ್ಲದೆ ಎದ್ದುಹೋದ, ಲೋಕ ತನ್ನ ಪಾಡಿಗೆ ತಾನು ನಡೆಯಿತು, ಇಷ್ಟೇ ನನ್ನನ್ನು ಅಳಿಸಿದ್ದು. ಅವನ ಬಾಯಿಗೆ ಮಾತು ಹಾಕಿದರೆ ಅವನು ಎಲ್ಲರಂಥ ವೀರನಾಗಿಬಿಡುತ್ತಾನೆ. ಹೀಗೆಲ್ಲ ಯೋಚಿಸಿ ಸಮಾಧಾನ ಮಾಡಿಕೊಂಡೆ. ಆದರೆ ಸಿಟ್ಟು ಹಾಗೇ ಇತ್ತು.

ಕನ್ನಡಕ್ಕೆ ಡಬ್ ಆದ ಮೇಲೆ ಊರಿನ ಹುಡುಗರೆಲ್ಲ ಫೋನಿನಲ್ಲಿ ಅದನ್ನೇ ನೋಡತೊಡಗಿದರು. ಆ ವರ್ಷದ ನಾಟಕಕ್ಕೆ ಹಳೇ ಕಥೆ ಬೇಡ, ಇದನ್ನೇ ಆಡೋಣ ಎಂದು ಹಟ ಹಿಡಿದರು. ಮದ್ದೂರಿನ ಕಡೆಯಿಂದ ಬರುವ ಹಾರ್ಮೋನಿಯಂ ಮೇಷ್ಟ್ರು, ತಲೆ ಪೂರಾ ಬೆಳ್ಳಗಾದವರು, ಮೊದಲು ಬೆಚ್ಚಿದರು. ಆಮೇಲೆ ಕಥೆ ಕೇಳಿ, “ರಾಜರವ್ರೆ, ಯುದ್ಧ ಐತೆ, ಮೋಸ ಐತೆ. ನಮ್ದೇ ಬುಡಿ. ಮಟ್ಟು ಕೂರುಸ್ತೀನಿ” ಅಂದರು. ನಾಟಕ ಬರೆಯಲು ಯಾರು? ಅಪ್ಪ ನನ್ನ ಕಡೆ ಬೆರಳು ತೋರಿಸಿದ.

ನಾನು ಒಂದೇ ಷರತ್ತು ಹಾಕಿದೆ. ಪುಸ್ತಕದಲ್ಲಿ ಇರುವುದು ಇರಬೇಕು, ಇಲ್ಲದ್ದು ಬರಬಾರದು. ಎಲ್ಲರೂ ತಲೆಯಾಡಿಸಿದರು. ನಂಬಿದ ನಾನು ದಡ್ಡಿ. ಒಂದು ವಾರ ಕಳೆಯುವುದರೊಳಗೆ ಎರಡನೇ ರಾಜನ ಪಾರ್ಟಿನವನು, ಅವನದು ದೊಡ್ಡ ದುಡ್ಡು, ತನ್ನ ಪ್ರವೇಶಕ್ಕೆ ಪದ್ಯ ಬೇಕು ಅಂದ. ಮೋಸ ಮಾಡುವಾಗ ಒಂದು, ಸೋಲುವಾಗ ಒಂದು. ಮೊದಲನೇ ರಾಜ ನಾನೇನು ಕಮ್ಮಿ ಅಂದ. ರೆಕ್ಕೆಯ ಕುದುರೆ ಆಗುವುದಿಲ್ಲ ಎಂದು ಗೊತ್ತಾದಾಗ ಕುದುರೆಯ ಮೇಲೆ ಬರಬೇಕಿದ್ದವನು ಮುನಿಸಿಕೊಂಡು ಹಲಗೂರಿನ ಅಕ್ಕನ ಮನೆಗೆ ಹೋಗಿ ಕೂತ. ಅವನನ್ನು ಕರೆತರಲು ಇನ್ನೊಂದು ಪದ್ಯ ಬರೆದೆ. ನನ್ನ ಷರತ್ತು ನೀರಿನಲ್ಲಿ ಹೋಯಿತು. ಆದರೂ ಒಂದು ಕಡೆ ಮಾತ್ರ ನಾನು ಬಗ್ಗುವುದಿಲ್ಲ ಎಂದು ಕೂತಿದ್ದೆ. ಅದು ಅಂಬಿಗ.

ಅಂಬಿಗನ ಪಾರ್ಟನ್ನು ಅಪ್ಪ ತಾನೇ ಕೇಳಿ ತೆಗೆದುಕೊಂಡಿದ್ದ. ಊರಿಗೆಲ್ಲ ಆಶ್ಚರ್ಯ. ಗದೆ ಹಿಡಿದು ಗುಡುಗುವವನು ಎರಡು ಸೀನಿನ ಹುಟ್ಟು ಹಾಕುವವನ ಪಾರ್ಟು ಮಾಡುವುದೇ? “ಮೊಣಕಾಲು ನೋವು ಕಣ್ರುಲಾ, ಗದೆ ಎತ್ತಾಕಾಗಕಿಲ್ಲ” ಎಂದು ಅಪ್ಪ ಹೇಳಿದ. ಆದರೆ ಸಾಯುವ ಸೀನಿಗೆ ಅವನಿಗೂ ಪದ್ಯ ಬೇಕಿತ್ತು. ಮೇಷ್ಟ್ರೂ ಅವನ ಕಡೆಯೇ.

“ಪದ ಇಲ್ದಂಗೆ ಪಾತ್ರ ಸತ್ತದೇನವ್ವಾ? ಜನ ಸುಮ್ಕೆ ಬುಟ್ಟಾರಾ?” ಅಂದರು ಮೇಷ್ಟ್ರು.

“ಅವ್ನು ಆಡಕಿಲ್ಲ ಮೇಷ್ಟ್ರೇ. ಅದೇ ಅವ್ನ ಪಾತ್ರ” ಅಂದೆ.

“ಸಾಯೋವಾಗ ಒಂದೇ ಒಂದು ಪದ ಕಣ್ಮಗಾ” ಅಂತ ಅಪ್ಪ.

ನನಗೆ ಎಲ್ಲಿತ್ತೋ ಸಿಟ್ಟು. ನಾಲ್ಕನೇ ಸಂಪುಟ ತಂದು, ಜಗಲಿಯ ಮೇಲೆ ಅಪ್ಪನ ಎದುರು ಕೂತು, ಆ ಪುಟವನ್ನು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದೆ. ಬದುವಿನ ಮೇಲೆ ಹೇಳಿದ್ದೆನಲ್ಲ, ಅದು ಬರೀ ಕಥೆ. ಈಗ ಒಂದು ಪದ ಬಿಡದೆ ಹೇಳಿದೆ. ದೀಪ, ತಲೆಗೆ ಸುತ್ತಿದ ಬಟ್ಟೆ, ತಿರುಗಿದ ದೋಣಿ. ಬೆಳಗಾದದ್ದು, ರಾಜರ ಮಾತು, ಬಂಡೆ.

“ಅಷ್ಟೇಯಾ?” ಅಂದ ಅಪ್ಪ.

“ಅಷ್ಟೇ.”

“ಯಾರೂ ಕೇಳಕಿಲ್ವಾ, ಅವ್ನೆಲ್ಲಿ ಅಂತಾವ?”

“ಯಾರೂ ಕೇಳಕಿಲ್ಲ.”

ಅಪ್ಪ ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಅವತ್ತಿನಿಂದ ಪದ್ಯ ಕೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ನಾಟಕಕ್ಕೆ ಇನ್ನೂ ಒಂದೂವರೆ ತಿಂಗಳಿದ್ದಾಗ ಅಪ್ಪನ ದನಿ ಒಡೆಯಿತು. ತಾಲೀಮಿನಲ್ಲಿ ಬೇರೆಯವರಿಗೆ ಕಲಿಸಲು ಅರಚಿ ಅರಚಿ ಹೀಗಾಯಿತು ಎಂದು ಎಲ್ಲರೂ ಅಂದರು. ಅವ್ವ ಕಷಾಯ ಕುಡಿಸಿದಳು. ಕರಕರ ಹೋಗಲಿಲ್ಲ. ನುಂಗಲು ನೋವು ಅಂದಾಗ ಮೈಸೂರಿಗೆ ಕರೆದುಕೊಂಡು ಹೋದೆ. ಗಂಟಲೊಳಗೆ ಕೊಳವೆ ಬಿಟ್ಟು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎರಡನೇ ಸಲ ಹೋದಾಗ ಡಾಕ್ಟರು ಒಂದು ಚಿತ್ರ ಬಿಡಿಸಿ ತೋರಿಸಿದರು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ಅಪಾಯವಿಲ್ಲ, ಆಮೇಲೆ ಬೇಕಾದರೆ ಕತ್ತಿಗೆ ಒಂದು ಯಂತ್ರ ಹಿಡಿದು ಮಾತಾಡಬಹುದು ಎಂದರು.

“ಪದ ಆಡಬೌದಾ ಸಾ?” ಅಪ್ಪ ಕೇಳಿದ.

ಡಾಕ್ಟರು ಇಲ್ಲ ಎಂದು ತಲೆಯಾಡಿಸಿದರು.

“ಅಂಗಾರೆ ನಾಟ್ಕ ಮುಗಿದ್ಮೇಕೆ ತಕ್ಕಳಿ.”

ಡಾಕ್ಟರು ಒಳ್ಳೆಯವರು, ಬೈಯಲಿಲ್ಲ. ನಾಟಕದ ದಿನ ಕೇಳಿ, ಆಪರೇಷನ್ನಿಗೆ ಅದರ ಮರುವಾರದ ದಿನ ಕೊಟ್ಟರು. ಅಲ್ಲಿಯ ತನಕ ಮಾತು ಕಮ್ಮಿ ಮಾಡಬೇಕು, ಹಾಡುವುದಂತೂ ಬೇಡ, ಆಮೇಲೆ ನಾಟಕದ ದಿನ ನಿಮ್ಮಿಷ್ಟ ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಅಪ್ಪ ಒಂದು ಟೀ ಕುಡಿಯೋಣ ಅಂದ. ಅವನೇ ನನ್ನ ಟೀ ಆರಿಸಿ ಕೊಟ್ಟ.

ಪುಸ್ತಕ ಹಾಳಾಗಿ ಹೋಗಲಿ ಅಂದುಕೊಂಡೆ. ನಾಟಕದ ದಿನ ಅಪ್ಪ ಹಾಡಬೇಕು, ಕಡೇ ಸಲ ನಾನು ಕೇಳಬೇಕು. ಅಷ್ಟು ಬಿಟ್ಟರೆ ನನಗೆ ಇನ್ನೇನೂ ಬೇಕಿರಲಿಲ್ಲ. ಮರುದಿನವೇ ಕೋರ್ಟಿನ ಊಟದ ಬಿಡುವಿನಲ್ಲಿ ಕೂತು ಅಂಬಿಗನ ಪದ್ಯ ಬರೆದೆ. ‘ಹೊತ್ತೆನಿಷ್ಟು ದಿನ ಊರ ಜನರ, ಇಂದೆನ್ನ ನೀ ಹೊರು ಹೊಳೆಯೇ’ ಎಂದು ಶುರು. ವೆಬ್ ಸರಣಿಯವರು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಮೇಷ್ಟ್ರು ಅದಕ್ಕೆ ಅಳು ತರಿಸುವ ಮಟ್ಟು ಕೂರಿಸಿ, ಅಪ್ಪನ ಒಡೆದ ದನಿಗೆ ಹೊಂದುವಂತೆ ಶ್ರುತಿ ಇಳಿಸಿದರು. ಅಪ್ಪ ಪದ್ಯ ಓದಿ, “ಸಂದಾಗೈತೆ ಕಣ್ಮಗಾ” ಅಂದ. ತಾಲೀಮಿನಲ್ಲಿ ಮೇಷ್ಟ್ರು ಪೆಟ್ಟಿಗೆ ನುಡಿಸುವರು, ಅಪ್ಪ ಬರೀ ತುಟಿ ಆಡಿಸುವನು. ದನಿ ಉಳಿಸಿಕೊಳ್ಳಲಿ ಎಂದು ನಾವೂ ಬಲವಂತ ಮಾಡಲಿಲ್ಲ. ಹಾಗಾಗಿ ಆ ಪದ್ಯ ಅವನ ಬಾಯಲ್ಲಿ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನಾಟಕದ ದಿನ ಊರಿಗೆ ಊರೇ ಟೆಂಪೊ, ಬಸ್ಸು ಹತ್ತಿ ಮಂಡ್ಯಕ್ಕೆ ಬಂತು. ನಾನು, ಅವ್ವ ಮುಂದಿನ ಸಾಲಿನಲ್ಲಿ ಕೂತೆವು. ಏಳು ಕೋಟೆಗೂ ಒಂದೇ ಅರಮನೆಯ ಪರದೆ. ಹಿಮದ ಬೆಟ್ಟಕ್ಕೆ ಕಾಡಿನ ಪರದೆ. ನೆರಳಿಲ್ಲದ ದಂಡು ಎಂದು ಕಪ್ಪು ಬಟ್ಟೆ ತೊಟ್ಟ ನಾಲ್ಕು ಜನ ಬಂದರೆ, ಫೋಕಸ್ ಲೈಟಿಗೆ ಅವರ ನೆರಳು ಪರದೆಯ ಮೇಲೆ ಆಳೆತ್ತರಕ್ಕಿಂತ ದೊಡ್ಡದಾಗಿ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಎರಡನೇ ರಾಜನ ಮೋಸದ ಪದ್ಯಕ್ಕೆ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ಅವನ ಭಾಮೈದ ನಡುವೆಯೇ ಸ್ಟೇಜಿಗೆ ಹತ್ತಿ ಹಾರ ಹಾಕಿ ಬೆರಳಿಗೆ ಉಂಗುರ ತೊಡಿಸಿದ. ಬೇರೆ ದಿನವಾಗಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಅವತ್ತು ನನಗೆ ಯಾವುದೂ ತಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಊಟ ಮುಗಿಸಿ ಬಂದು ಕೂತ ಮೇಲೆ ಹೊಳೆಯ ಪರದೆ ಇಳಿಯಿತು.

ಸೀನರಿಯವರ ಹತ್ತಿರ ದೋಣಿ ಇರಲಿಲ್ಲ. ಅಪ್ಪ ಊರಿಂದ ತಂದಿದ್ದ ಒಂದು ಹುಟ್ಟು ಹಿಡಿದು, ಮೊಣಕಾಲು ಬಗ್ಗಿಸಿ ಹುಟ್ಟು ಹಾಕುತ್ತ ಬಂದ. ಕಿರೀಟವಿಲ್ಲ, ಮಿಂಚುವ ಬಟ್ಟೆಯಿಲ್ಲ, ಪಂಚೆ ಮತ್ತು ಹೆಗಲ ಮೇಲೊಂದು ಟವೆಲ್ಲು. ಜನರನ್ನೆಲ್ಲ ಇಳಿಸಿದ ಹಾಗೆ ಮಾಡಿ ಬೆವರು ಒರೆಸಿಕೊಂಡ. ಆಚೆ ಬದಿಯಲ್ಲಿ ಯಾರೋ ದೀಪ ಬೀಸಿದರು. ಮೇಷ್ಟ್ರು ಪದ್ಯದ ಮುಂಚಿನ ನುಡಿಸಾಣಿಕೆ ಶುರುಮಾಡಿದರು. ನಾನು ಅವ್ವನ ಕೈ ಹಿಡಿದುಕೊಂಡೆ.

ಪಲ್ಲವಿ ಎತ್ತುವ ಜಾಗ ಬಂತು. ಅಪ್ಪ ಬಾಯಿ ತೆರೆಯಲಿಲ್ಲ. ಮೇಷ್ಟ್ರು ಇನ್ನೊಂದು ಸುತ್ತು ನುಡಿಸಿ ಮತ್ತೆ ಅದೇ ಜಾಗಕ್ಕೆ ಬಂದರು. ಇಲ್ಲ. ಮರೆತನೇ? ಗಂಟಲು ಕಟ್ಟಿತೇ? ಅಪ್ಪ ದೀಪದ ಕಡೆ ನೋಡಿದ. ದಾಟಿಸಿದ ಜನರ ಕಡೆ, ಅಂದರೆ ನಮ್ಮ ಕಡೆ, ಒಂದು ಸಲ ನೋಡಿದ. ಹೆಗಲ ಟವೆಲ್ಲು ತೆಗೆದು, ಕೊಡವಿ, ತಲೆಗೆ ಸುತ್ತಿದ. ಹುಟ್ಟನ್ನು ಆ ಬದಿಯಿಂದ ಈ ಬದಿಗೆ ತಿರುಗಿಸಿ, ಮೆಲ್ಲಗೆ ಹುಟ್ಟು ಹಾಕುತ್ತ ಒಳಗೆ ಹೋಗಿಬಿಟ್ಟ. ಮೇಷ್ಟ್ರ ಕೈ ತಾನಾಗಿ ನಿಂತಿತು. ಇಡೀ ರಂಗಮಂದಿರದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಅದು ನಾನು ಓದಿದ ಅಂಬಿಗ. ಸಿನಿಮಾದವರಿಗೂ ಸರಣಿಯವರಿಗೂ ಆಗದ್ದನ್ನು ಅಪ್ಪ ಒಂದು ಟವೆಲ್ಲು ಹಿಡಿದು ಮಾಡಿದ್ದ. ಆದರೆ ನನಗೆ ಸಂತೋಷ ಎಲ್ಲಿಂದ ಬರಬೇಕು? ನನಗೆ ಪದ್ಯ ಬೇಕಿತ್ತು. ಇನ್ನೊಂದು ವಾರಕ್ಕೆ ಆ ದನಿ ಇರುವುದಿಲ್ಲ. ಎದ್ದು ನಿಂತುಕೊಂಡೆ. ನಿಂತು, ಇದ್ದ ಉಸಿರನ್ನೆಲ್ಲ ಹಾಕಿ, “ಒನ್ಸ್ ಮೋರ್!” ಎಂದು ಕೂಗಿದೆ. ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಎಲ್ಲರೂ.

ಅಪ್ಪ ಬಂದ. ಕೂಗಿದ ಮೇಲೆ ಬರಲೇಬೇಕಲ್ಲ. ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮೊದಲಿನ ಜಾಗದಲ್ಲಿ ನಿಂತ. ಹಾಡು, ಅಪ್ಪಾ, ಹಾಡು ಎಂದು ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಅವನು ದೀಪದ ಕಡೆ ನೋಡಿದ, ನಮ್ಮ ಕಡೆ ನೋಡಿದ, ಟವೆಲ್ಲು ಕೊಡವಿ ತಲೆಗೆ ಸುತ್ತಿದ, ಹುಟ್ಟು ತಿರುಗಿಸಿ, ಮತ್ತೆ ಹಾಗೇ, ಮಾತಿಲ್ಲದೆ ಹೋದ. ಈ ಸಲ ಮೇಷ್ಟ್ರು ಪೆಟ್ಟಿಗೆ ಮುಟ್ಟಲೂ ಇಲ್ಲ. ಪಕ್ಕದಲ್ಲಿ ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಚಪ್ಪಾಳೆ ತಡವಾಗಿ ಶುರುವಾಗಿ ಬಹಳ ಹೊತ್ತು ಇತ್ತು.

ಸಂಜೆ ಊರಿಗೆ ಹೊರಟೆವು. ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಮ್ಮ ಟೆಂಪೊ ನಿಂತುಬಿಟ್ಟಿತು. ಅಪ್ಪನ ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಣ್ಣ ಉಳಿದಿತ್ತು. ಅಲ್ಲಿಯ ತನಕ ತಡೆದುಕೊಂಡಿದ್ದೆ, ಇನ್ನು ಆಗಲಿಲ್ಲ.

“ಯಾಕಪ್ಪಾ ಆಡ್ನಿಲ್ಲ?” ಅಂದೆ. ನನ್ನ ದನಿ ಜಗಳದ ದನಿಯಾಗಿತ್ತು.

“ನೀನೇ ಯೋಳಿದ್ಯಲ್ಲ, ಅಂವ ಸುಮ್ಕೆ ಓಯ್ತಾನೆ ಅಂತಾವ.”

“ಅದುಕ್ಕೇ ಪದ ಬರ್ಕೊಟ್ನಲ್ಲ!”

“ಪದ ಸಂದಾಗಿತ್ತು. ಸುಳ್ಳು ಯೋಳಕಿಲ್ಲ.” ಅಪ್ಪ ಗಂಟಲು ಸರಿಮಾಡಿಕೊಂಡ. ಈಗ ಪಿಸುಮಾತಿಗಿಂತ ಒಂದು ಚೂರು ಜಾಸ್ತಿ, ಅಷ್ಟೇ ಇತ್ತು ದನಿ. “ನಲ್ವತ್ ವರ್ಸ ಅರಚ್ಕಂಡೇ ಸ್ಟೇಜ್ ಮ್ಯಾಕೆ ನಿಂತಿವ್ನಿ ಮಗಾ. ಜನ ನನ್ನ ನೋಡ್ತಿದ್ರೋ, ಬರೀ ದನಿ ಕೇಳ್ತಿದ್ರೋ ಗೊತ್ತಿರ್ನಿಲ್ಲ. ಬಾಯಿಲ್ದೆ ನಿಂತ್ಕಂಡ್ರೆ ಯಾರಾರ ನೋಡ್ತಾರಾ ಅಂತ ಒಂದ್ಸಲ ನೋಡ್ಬೇಕು ಅನ್ಸ್ತು. ಇನ್ ಮುಂದ್ಕೆ ಅದೇ ತಾನೆ ನನ್ ಪಾರ್ಟು?”

ಮುಂದಿನ ಟ್ರ್ಯಾಕ್ಟರು ಒಂದು ಮಾರು ಸರಿದು ಮತ್ತೆ ನಿಂತಿತು. ಅಪ್ಪನ ಮುಖದಲ್ಲಿ ನಗು. ಎಷ್ಟೋ ವರ್ಷ ಆಗಿತ್ತು ಅವನ ಮುಖದಲ್ಲಿ ಅಂಥ ನಗು ನೋಡಿ.

“ನೋಡುದ್ರು ಬುಡು” ಅಂದ. “ಒನ್ಸ್ ಮೋರ್ ಬ್ಯಾರೆ ಬಿತ್ತು! ಪದ ಇಲ್ದೆ ಒನ್ಸ್ ಮೋರ್ ಇಸ್ಕೊಂಡೋನು ಮಂಡ್ಯದಲ್ಲಿ ಇನ್ಯಾರವ್ನೆ ಯೋಳು?” ಆಮೇಲೆ ನನ್ನ ಕಡೆ ಬಾಗಿ, ಗುಟ್ಟು ಹೇಳುವವನ ಹಾಗೆ, “ಮೊದ್ಲು ಕೂಗಿದ್ದು ನೀನು ಅಲ್ವಾ? ದನಿ ಗೊತ್ತಾಯ್ತು ಕಣವ್ವ. ಅಷ್ಟ್ ಇಸ್ಟ ಆಯ್ತಾ?” ಅಂದ.

ನಾನು ಕೂಗಿದ್ದು ಪದ್ಯಕ್ಕೆ. ಆ ಮಾತು ನಾಲಗೆಯ ತುದಿಗೆ ಬಂದಿತ್ತು.

“ಊಂ ಕಣಪ್ಪ,” ಅಂದೆ, “ಬೋ ಇಸ್ಟ ಆಯ್ತು.”